ಆನ್‌ಲೈನ್ ಜೂಜು ಮತ್ತು ನೂತನ ತಂತ್ರಜ್ಞಾನ: ಒಂದು ವಿವೇಚನೆ

ಜೂಜು ಬಹು ಪುರಾತನವಾದ ವ್ಯಸನ. ದಾಳಗಳ ಮೋಹಕ್ಕೆ ಸಿಲುಕಿ ಮಡದಿಯ ಪ್ರೀತಿಯನ್ನೂ ಬಂಧುಗಳ ವಿಶ್ವಾಸವನ್ನೂ ಕಳೆದುಕೊಂಡವನ ಪ್ರಲಾಪವು ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಬಂದಿದೆ. ಮಹಾಭಾರತದ ದ್ಯೂತಪ್ರಸಂಗವಂತೂ ಹಳ್ಳಿಯ ಮಕ್ಕಳಿಗೂ ತಿಳಿದ ಕಥೆ. ಆದರೆ ಹಿಂದಿನ ಜೂಜಿಗೆ ಒಂದು ಸ್ಥಳವಿತ್ತು, ಒಂದು ಹೊತ್ತಿತ್ತು. ಇಸ್ಪೀಟಿನ ಅಡ್ಡೆಗೆ ಹೋಗುವವನು ಊರಿನವರ ಕಣ್ಣು ತಪ್ಪಿಸಬೇಕಾಗಿತ್ತು. ಕೈಯ ಹಣ ತೀರಿದರೆ ಎದ್ದು ಬರಬೇಕಾಗಿತ್ತು. ಈ ಅಡ್ಡಿಗಳೇ ಎಷ್ಟೋ ಸಂಸಾರಗಳಿಗೆ ಬೇಲಿಯಾಗಿದ್ದವು. ನೂತನ ತಂತ್ರಜ್ಞಾನವು ಕಿತ್ತುಹಾಕಿರುವುದು ಈ ಬೇಲಿಯನ್ನು.

ಕೆರಿಬಿಯನ್ ದ್ವೀಪರಾಷ್ಟ್ರವಾದ ಆಂಟಿಗುವಾ ಮತ್ತು ಬಾರ್ಬುಡಾ 1994ರಲ್ಲಿ ಶಾಸನವೊಂದನ್ನು ರೂಪಿಸಿ, ಅಂತರ್ಜಾಲದ ಜೂಜುಕಟ್ಟೆಗಳಿಗೆ ಹಾದಿ ತೆರೆಯಿತು. ಭಾರತದಲ್ಲಿ ಮೊಬೈಲ್ ದೂರವಾಣಿಯು ಸರ್ವರ ಕೈಗೆ ಬಂದು, 2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಆರಂಭವಾದ ಮೇಲೆ, ಬ್ಯಾಂಕಿನ ಖಾತೆಗೂ ಪಣಕ್ಕೂ ನಡುವಿನ ಅಂತರ ಕೆಲವೇ ಕ್ಷಣಗಳದಾಯಿತು. ಲೋಕೋಪಕಾರಿಯಾದ ಸಾಧನವೇ ದುರ್ವ್ಯಸನಕ್ಕೂ ದಾರಿಯಾದುದು ಹೀಗೆ.

ಗಣಿತದ ಸಾಕ್ಷ್ಯ

1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ವಿದ್ವಾಂಸರು, ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚುವ ಬಗೆಯನ್ನು ಕುರಿತು ಪತ್ರವ್ಯವಹಾರ ನಡೆಸಿದರು. ಸಂಭವನೀಯತಾ ಗಣಿತವು ಬೆಳೆದುದು ಅದರಿಂದಲೇ. ಆ ಗಣಿತವು ಜೂಜಿನ ಗುಟ್ಟನ್ನು ಬಯಲುಮಾಡುತ್ತದೆ. ಯೂರೋಪಿನ ರೂಲೆಟ್ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆಗಳಿವೆ. ಒಂದು ಅಂಕದ ಮೇಲೆ 10 ರೂಪಾಯಿ ಹೂಡಿ ಗೆದ್ದವನಿಗೆ ಮೂಲಹಣವೂ ಸೇರಿ 360 ರೂಪಾಯಿ ಬರುತ್ತದೆ. 37 ಸಲ ಆಡುವವನು ಹೂಡುವುದು 370 ರೂಪಾಯಿ. ಸರಾಸರಿಯಲ್ಲಿ ಅವನಿಗೆ ಮರಳುವುದು 360. ಯಾವ ಮೋಸವೂ ಇಲ್ಲದೆ, ಚಕ್ರ ನ್ಯಾಯವಾಗಿಯೇ ತಿರುಗಿದರೂ, ಆಟ ನಡೆಸುವವನಿಗೆ 10 ರೂಪಾಯಿ ಉಳಿಯುತ್ತದೆ. ಒಂದು ಗಂಟೆಯಲ್ಲಿ 37 ಸಲ ಆಡುತ್ತಿದ್ದವನು ಯಂತ್ರದ ನೆರವಿನಿಂದ 370 ಸಲ ಆಡಿದನೆಂದರೆ ನಷ್ಟ 100 ರೂಪಾಯಿಗೆ ಏರುತ್ತದೆ. ಚಕ್ರ ಅದೇ, ಲೆಕ್ಕವೂ ಅದೇ. ಹೆಚ್ಚಿದುದು ವೇಗ ಮಾತ್ರ.

ಹೀಗಿದ್ದೂ ಜನರು ಆಡುವುದೇಕೆ? ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಪ್ರಯೋಗಗಳಲ್ಲಿ ಇದಕ್ಕೆ ಉತ್ತರವಿದೆ. ಯಾವಾಗ ಕಾಳು ದೊರೆಯುವುದೆಂದು ತಿಳಿಯದ ಪಾರಿವಾಳವು ಕೊಕ್ಕಿನಿಂದ ಗುಂಡಿಯನ್ನು ಬಿಡದೆ ಕುಟ್ಟುತ್ತಲೇ ಇರುತ್ತದೆ. ಅನಿಶ್ಚಿತ ಫಲದ ಆಸೆಯು ನಿಶ್ಚಿತ ಫಲದ ಆಸೆಗಿಂತ ಬಲವಾದುದು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಜೂಜಿನ ಗೀಳು ವ್ಯಸನಜನ್ಯ ಕಾಯಿಲೆಗಳ ಸಾಲಿನಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ.

ಮುಂದಿನ ದಿನಗಳು

ಕೃತಕ ಬುದ್ಧಿಮತ್ತೆಯು ಆಟಗಾರನ ಪ್ರತಿಯೊಂದು ನಡೆಯನ್ನೂ ಗಮನಿಸಬಲ್ಲದು. ಅವನು ಸೋತು ಬಿಡುವ ಗಳಿಗೆ ಯಾವುದು, ಯಾವ ಆಮಿಷಕ್ಕೆ ಮರಳಿ ಬರುವನು ಎಂಬುದನ್ನು ಲೆಕ್ಕಹಾಕಬಲ್ಲದು. ಹಳೆಯ ಅಡ್ಡೆಯ ಯಜಮಾನನಿಗೆ ಹತ್ತಾರು ಗಿರಾಕಿಗಳ ಸ್ವಭಾವ ತಿಳಿದಿದ್ದರೆ, ಯಂತ್ರಕ್ಕೆ ಲಕ್ಷಾಂತರ ಜನರದು ತಿಳಿಯುತ್ತದೆ. ಆದರೆ ಇದೇ ಜ್ಞಾನವನ್ನು ರಕ್ಷಣೆಗೂ ಬಳಸಬಹುದು. ಸರಿರಾತ್ರಿಯ ಆಟ, ಸೋತಂತೆಲ್ಲ ಏರುವ ಪಣ, ಇವನ್ನು ಗುರುತಿಸಿ ಆಟಗಾರನನ್ನು ತಡೆಯುವುದೂ ಯಂತ್ರಕ್ಕೆ ಸಾಧ್ಯ. ಯಾವ ಕಡೆಗೆ ತಿರುಗಿಸಬೇಕೆಂಬುದನ್ನು ನಿರ್ಧರಿಸುವವನು ಮನುಷ್ಯನೇ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನ ಸಾಲದಿಂದ ಜೂಜಾಡುವುದಕ್ಕೆ ನಿಷೇಧ ವಿಧಿಸಲಾಯಿತು.

ಭಾರತದ 1867ರ ಸಾರ್ವಜನಿಕ ಜೂಜು ಶಾಸನವು ಜೂಜಿನ ಮನೆಯನ್ನು ಲಕ್ಷ್ಯದಲ್ಲಿಟ್ಟುಕೊಂಡು ರಚಿತವಾಗಿತ್ತು. ಗೋಡೆಯೇ ಇಲ್ಲದ ಅಡ್ಡೆಯನ್ನು ಅದು ಕಲ್ಪಿಸಿರಲಿಲ್ಲ. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿತ್ತು. ಕರ್ನಾಟಕವು 2021ರಲ್ಲಿ ಪೊಲೀಸ್ ಶಾಸನವನ್ನು ತಿದ್ದಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; ತಿದ್ದುಪಡಿಯ ಮುಖ್ಯ ವಿಧಿಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು, ಕೌಶಲ ಅದೃಷ್ಟಗಳೆಂಬ ಭೇದವೆಣಿಸದೆ, ಹಣದ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಕೋಟಿ ರೂಪಾಯಿವರೆಗೆ ದಂಡವನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ.

ಶಾಲೆಯ ಹೊಣೆ

ಶಾಸನವು ಅಂಗಡಿಯನ್ನು ಮುಚ್ಚಿಸಬಹುದು. ಹೊರದೇಶದಲ್ಲಿ ಕುಳಿತು ಬಲೆ ಬೀಸುವವನನ್ನು ತಡೆಯುವುದು ಕಠಿಣ. ಆದುದರಿಂದ ಕೊನೆಯ ಬೇಲಿಯನ್ನು ವಿದ್ಯಾರ್ಥಿಯ ಮನಸ್ಸಿನಲ್ಲಿಯೇ ಕಟ್ಟಬೇಕಾಗಿದೆ. ಗಣಿತದ ಅಧ್ಯಾಪಕರು 37 ಮನೆಗಳ ಚಕ್ರವನ್ನು ಕರಿಹಲಗೆಯ ಮೇಲೆ ಬರೆದು ಲೆಕ್ಕ ಬಿಡಿಸಿದರೆ, ಅದು ನೂರು ಉಪದೇಶಗಳಿಗೆ ಸಮ. ಸಾಲಕ್ಕೆ ಸಿಲುಕಿದ ಹುಡುಗನು ಬೆದರದೆ ಬಾಯಿಬಿಡುವಂತಹ ಸಲಿಗೆಯನ್ನು ಗುರುಗಳೂ ತಾಯಿತಂದೆಯರೂ ಕೊಡಬೇಕು. ನಿಂದೆಗೆ ಅಂಜಿ ಮುಚ್ಚಿಟ್ಟ ಸಾಲವೇ ಪ್ರಾಣಕ್ಕೆ ಎರವಾಗುವುದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದಳು. ಬೆವರಿಲ್ಲದೆ ಬರುವ ಸಂಪತ್ತನ್ನು ಕಂಡು ಹಿಂದೆಗೆಯುವ ಆ ಎಚ್ಚರವೇ ಕಾಯಕತತ್ತ್ವದ ತಿರುಳು. ಅಂಗೈಯೊಳಗಿನ ಯಂತ್ರವು ದಿಢೀರ್ ಸಿರಿಯ ಆಸೆ ತೋರಿಸುವ ಈ ಕಾಲದಲ್ಲಿ, ಲಕ್ಕಮ್ಮನ ಆ ಮಾತು ಪ್ರತಿಯೊಂದು ಮನೆಯಲ್ಲಿಯೂ ಕೇಳಿಬರಬೇಕಾಗಿದೆ.