ಪೆಟ್ಟಿಗೆ ಬಿಚ್ಚಿ ನೋಡು, ಆಮೇಲೆ ಹೇಳು

ತಂಗಿ, ನಿನಗೆ ಗೊಂಬೆ ಕೂಡಿಹಾಕುವ ಹುಚ್ಚು ಹಿಡಿದಿದೆ ಅಂತ ನಿಮ್ಮವ್ವ ಜೇವರ್ಗಿಯಿಂದ ಫೋನು ಮಾಡಿದ್ದಳು. ನಾನು ನಿನಗೆ ನಾಲ್ಕು ಮಾತು ಬೈಯಲಿ ಅನ್ನುವುದು ಆಕೆಯ ಆಸೆ. ನಾನೇಕೆ ಬೈಯಲಿ? ಗಳಿಸುತ್ತೀಯ, ಅದರಲ್ಲಿ ಒಂದಿಷ್ಟು ಗೊಂಬೆಗೆ ಹಾಕುತ್ತೀಯ. ಆದರೆ ನೀನು ಓದಲು ಕಳಿಸಿದ್ದೀಯಲ್ಲ, ಗೊಂಬೆಗಳ ಗುಣದೋಷ ಬರೆದ ಆ ಹಾಳೆಗಳು, ಅವುಗಳ ಬಗ್ಗೆ ಹೇಳುವುದಿದೆ. ಅದರೊಳಗಿನ ‘ಸೂಪರ್’, ‘ಕ್ಯೂಟ್’, ‘ಅದ್ಭುತ’ ತೆಗೆದು ಹಾಕಿದರೆ ಉಳಿಯುವುದು ಕಂಪನಿಯವರು ಪೆಟ್ಟಿಗೆಯ ಬೆನ್ನಿಗೆ ಅಚ್ಚು ಹಾಕಿದ ಮಾತೇ. ಅದನ್ನು ಓದಲಿಕ್ಕೆ ನೀನು ಯಾಕೆ ಬೇಕು?

ಗೊಂಬೆಯ ತಪ್ಪು ಒಪ್ಪು ಆಡುವುದು ನಮ್ಮ ಕಡೆಗೆ ಹೊಸದೇನಲ್ಲ. ನನ್ನ ತವರು ಇಂಡಿ ಕಡೆಯ ಹಳ್ಳಿ. ಅಫಜಲಪುರಕ್ಕೆ ಸೊಸೆಯಾಗಿ ಬಂದವಳು. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ಆಷಾಢ ಹಿಡಿಯಿತೆಂದರೆ ತವರಿನಲ್ಲಿ ಮಂಗಳವಾರಕ್ಕೊಂದು ಗುಳ್ಳವ್ವ. ಜಿಗುಟು ಮಣ್ಣು ತಂದು, ಹದ ಮಾಡಿ, ಕುಂತ ಹೆಣ್ಣಿನ ಆಕಾರ ತಿದ್ದಿ, ಗುಲಗಂಜಿ ಒತ್ತಿ ಕಣ್ಣು ಮಾಡುವುದು, ಕುಸುಬಿ ಕಾಳಿನ ಸರ, ಜೋಳದ ಕಾಳಿನ ಡಾಬು. (ಗುಲಗಂಜಿ ವಿಷ; ಒಡೆದ ಕಾಳು ಕೂಸುಗಳ ಬಾಯಿಗೆ ಹೋಗಬಾರದು ಅಂತ ಅವ್ವ ಎಣಿಸಿ ಕೊಡುತ್ತಿದ್ದಳು.) ಸಂಜೆಗೆ ಓಣಿಯ ಹೆಂಗಸರು ಬಂದು ನೋಡುತ್ತಿದ್ದರು. ಯಾರೂ ‘ಛಂದ ಅದ’ ಅಂತ ಹೇಳಿ ಎದ್ದು ಹೋಗುತ್ತಿರಲಿಲ್ಲ. “ಎಡಗಣ್ಣ ಜರಾ ಮ್ಯಾಲ ಕುಂತದ”, “ಕೊಳ್ಳ ಗಿಡ್ಡ ಆಗ್ಯಾದ, ಸರ ಎಲ್ಲಿ ಹಾಕ್ತಿ?”, “ಮಣ್ಣ ಹಸಿ ಇದ್ದಾಗ ಕಾಳ ಒತ್ತಬೇಕಿತ್ತು, ಈಗ ಉದುರತಾವ ನೋಡು.” ಮುಂದಿನ ಮಂಗಳವಾರದ ಗುಳ್ಳವ್ವನಿಗೆ ಕೊಳ್ಳು ಉದ್ದ ಬರುತ್ತಿತ್ತು, ಕಾಳು ಉದುರುತ್ತಿರಲಿಲ್ಲ. ಎಲ್ಲಿ ತಪ್ಪಿದೆ, ಯಾಕೆ ತಪ್ಪಿತು, ಏನು ಮಾಡಿದರೆ ಸರಿಹೋದೀತು, ಇಷ್ಟನ್ನು ಆ ಹೆಂಗಸರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಿನ್ನ ಹಾಳೆಯಲ್ಲಿ ನಾನು ಹುಡುಕಿದ್ದು ಅದನ್ನೇ.

ಮೊದಲ ಮಾತು, ಪೆಟ್ಟಿಗೆ ಬಿಚ್ಚು. ಬಿಚ್ಚಿದರೆ ಬೆಲೆ ಇಳಿಯುತ್ತದೆ ಅನ್ನುತ್ತೀಯ, ಇಳಿಯಲಿ. ಮಾರಲಿಕ್ಕೆ ಇಟ್ಟದ್ದಾದರೆ ಅದರ ಬಗ್ಗೆ ಬರೆಯಬೇಡ. ಪ್ಲಾಸ್ಟಿಕ್ ಕಿಟಕಿಯ ಹಿಂದೆ ಕಟ್ಟಿ ನಿಲ್ಲಿಸಿದ ಗೊಂಬೆಯ ಮುಂಭಾಗ ಮಾತ್ರ ನಿನಗೆ ಕಾಣುವುದು, ಅದೂ ಕಂಪನಿಗೆ ಬೇಕಾದ ಭಂಗಿಯಲ್ಲಿ. ಬಿಚ್ಚುವಾಗ ಒಂದು ಎಚ್ಚರ: ತಲೆಯ ಹಿಂದೆ ಸಣ್ಣ ಪ್ಲಾಸ್ಟಿಕ್ ಎಳೆ ಚುಚ್ಚಿ ಹಲಗೆಗೆ ಬಿಗಿದಿರುತ್ತಾರೆ, ಹೊಸ ಅಂಗಿಗೆ ಬೆಲೆಚೀಟಿ ಕಟ್ಟುವಂಥ ಎಳೆ. ಜಗ್ಗಬೇಡ, ತಲೆಗೆ ತೂತು ಬೀಳುತ್ತದೆ. ಕತ್ತರಿಸು.

ಮುಖ ನೋಡುವಾಗ ಅದು ಹೇಗೆ ಆಗಿದೆ ಅಂತ ಗೊತ್ತಿರಬೇಕು. ಕಾರ್ಖಾನೆಯ ಗೊಂಬೆಗೆ ಯಾರೂ ಕುಂತು ಕಾಡಿಗೆ ತೀಡುವುದಿಲ್ಲ. ಮೆತ್ತನೆಯ ಸಿಲಿಕೋನ್ ಉಂಡೆಗೆ ಬಣ್ಣ ಹತ್ತಿಸಿ ಮುಖಕ್ಕೆ ಒತ್ತುತ್ತಾರೆ. ಕಣ್ಣಿನ ಬಿಳುಪಿಗೆ ಒಂದು ಒತ್ತು, ಪಾಪೆಗೆ ಇನ್ನೊಂದು, ಹುಬ್ಬಿಗೆ, ತುಟಿಗೆ ಮತ್ತೆ ಬೇರೆ. ಒಂದು ಒತ್ತು ಕೂದಲೆಳೆಯಷ್ಟು ಸರಿದರೂ ತುಟಿಯ ಬಣ್ಣ ತುಟಿಯ ಗೆರೆ ದಾಟುತ್ತದೆ, ಒಂದು ಕಣ್ಣು ನಿನ್ನನ್ನು ನೋಡಿದರೆ ಇನ್ನೊಂದು ಗೋಡೆ ನೋಡುತ್ತದೆ. ಹಾಗಾಗಿ ಒಂದೇ ಹೆಸರಿನ ಎರಡು ಗೊಂಬೆಗಳ ಮುಖ ಒಂದೇ ಥರ ಇರುವುದಿಲ್ಲ. ‘ನನ್ನ ಕೈಗೆ ಬಂದದ್ದು ಹೀಗಿದೆ’ ಅಂತ ಬರೆ, ‘ಈ ಗೊಂಬೆಯೇ ಹೀಗೆ’ ಅಂತ ಬರೆಯಬೇಡ. ಬಾಗಿಲ ಬೆಳಕಿನಲ್ಲಿ ಹಿಡಿದು ನೋಡು, ಆಮೇಲೆ ತಲೆಕೆಳಗೆ ಮಾಡಿ ನೋಡು. ನೆಟ್ಟಗಿದ್ದಾಗ ಮುಖದ ಚೆಲುವು ಕಣ್ಣು ಕಟ್ಟುತ್ತದೆ. ಉಲ್ಟಾ ಮಾಡಿದರೆ ಹುಬ್ಬಿನ ಏರುಪೇರು ತಾನೇ ಎದ್ದು ಕಾಣುತ್ತದೆ.

ಓರೆನೋಟವೆಲ್ಲ ತಪ್ಪೂ ಅಲ್ಲ. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ರೂತ್ ಹ್ಯಾಂಡ್ಲರ್ ತಂದಿಟ್ಟ ಮೊದಲ ಬಾರ್ಬಿ ಬೇಕಂತಲೇ ಓರೆಗಣ್ಣಿನಿಂದ ನೋಡುತ್ತಿದ್ದಳು. ಕಪ್ಪು ಬಿಳುಪು ಪಟ್ಟೆಯ ಈಜುಡುಗೆ, ಬೆಲೆ ಮೂರು ಡಾಲರ್. ಆಕೆ ನೇರವಾಗಿ ಎದುರು ನೋಡತೊಡಗಿದ್ದು 1971ರಲ್ಲಿ. ಇಂಥದ್ದು ತಿಳಿದಿದ್ದರೆ ಹಳೆಯ ಅಚ್ಚಿನ ಮುಖವನ್ನು ಮತ್ತೆ ತಂದ ಗೊಂಬೆ ಕೈಗೆ ಬಂದಾಗ ‘ಕಣ್ಣು ವಾರೆ’ ಅಂತ ಬರೆದು ನಗೆಪಾಟಲಾಗುವುದಿಲ್ಲ.

ಬಣ್ಣದ ಮಾತೂ ಬಂತು. ಸೀರೆ ಉಡಿಸಿ, ಹಣೆಗೆ ಬೊಟ್ಟಿಟ್ಟು, ಭಾರತದ ಹೆಣ್ಣು ಅಂತ ಮಾರುವ ಗೊಂಬೆಗಳ ಮೈಬಣ್ಣ ನೋಡಿದ್ದೀಯಾ? ಎಷ್ಟೋ ಗೊಂಬೆಗಳಲ್ಲಿ ಹಾಲಿಗೆ ಎರಡು ಹನಿ ಚಹಾ ಬೆರೆಸಿದಷ್ಟು. ಬಾರ್ಬಿ ಅನ್ನುವ ಹೆಸರಿನಲ್ಲೇ ಕಪ್ಪು ಮೈಯ ಗೊಂಬೆ ಬರಲು 1980ರವರೆಗೆ ಕಾಯಬೇಕಾಯಿತು. ಅದನ್ನು ರೂಪಿಸಿದ್ದು ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಅನ್ನುವ ಕಪ್ಪು ಮಹಿಳೆ. ಎರೆಮಣ್ಣಿನ ಗುಳ್ಳವ್ವನಿಗೆ ಯಾರೂ ಪೌಡರ್ ಬಳಿಯಲಿಲ್ಲ. ಮೈಬಣ್ಣದ ಈ ಮಾತನ್ನು ನೀನು ಪ್ರತಿ ಸಲ ಬರೆ, ಓದುವವರಿಗೆ ಬೇಜಾರಾದರೂ ಬರೆ.

ಇನ್ನು ಕೂದಲು. ಇಲ್ಲಿ ನಿನ್ನ ಬರಹ ತೀರಾ ಬಡವಾಗಿದೆ. ‘ಉದ್ದ, ಮೃದು, ಹೊಳಪು’ ಅಂತ ಮೂರೇ ಮಾತು. ಹೊಸತರಲ್ಲಿ ಎಲ್ಲವೂ ಹೊಳೆಯುತ್ತವೆ. ಬೆರಳಿನಿಂದ ಬೈತಲೆ ಬಿಡಿಸಿ ಬುಡ ನೋಡು. ಶರಣಬಸವೇಶ್ವರರ ಜಾತ್ರೆಯಲ್ಲೋ ಗಾಣಗಾಪುರದ ಗುಡಿ ಮುಂದಿನ ಅಂಗಡಿಯಲ್ಲೋ ಸಿಗುವ ಅಗ್ಗದ ಗೊಂಬೆಗೆ ಹಣೆಯ ಅಂಚಿಗೆ, ಬೈತಲೆಗೆ ಒಂದೆರಡು ಸಾಲು ಕೂದಲು ಹೊಲಿದಿರುತ್ತಾರೆ. ಎತ್ತಿದರೆ ಒಳಗೆಲ್ಲ ಬೋಳು. ಅದು ಕೂಸುಗಳ ಆಟಕ್ಕೆ ಸಾಕು, ಆ ಬೆಲೆಗೆ ದೂರುವುದೂ ಸಲ್ಲ. ಆದರೆ ಸಾವಿರಾರು ರೂಪಾಯಿಯ ಗೊಂಬೆಯ ನೆತ್ತಿಯಲ್ಲೂ ಪ್ಲಾಸ್ಟಿಕ್ ಕಂಡರೆ ಹೆಸರು ಹಿಡಿದು ಹೇಳು. ಆಮೇಲೆ ಎಳೆ ಯಾವುದು ನೋಡು. ನೈಲಾನ್ ಮತ್ತು ಸರಾನ್ ಎಳೆಗಳು ಜಾರಿ ಬೀಳುತ್ತವೆ, ವರ್ಷಗಟ್ಟಲೆ ಬಾಳುತ್ತವೆ. ಪಾಲಿಪ್ರೊಪಿಲೀನ್ ಎಳೆ ಅಗ್ಗ. ನಾಲ್ಕು ಸಲ ಬಾಚಿದರೆ ತುದಿ ಕೆದರಿ ನಾರಿನ ಹಾಗೆ ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ಸುರುಳಿ ಸುರುಳಿಯಾಗಿ ಕಂಡದ್ದು ಬರೀ ಜೆಲ್ಲಿನ ಮಹಿಮೆಯೋ ಏನೋ, ಅದು ತೊಳೆದ ಮೇಲೇ ತಿಳಿಯುವುದು.

ಅದಕ್ಕೇ ತೊಳೆ. ನಮ್ಮ ಬೋರಿನ ನೀರು ಗಡಸು, ಅದರಲ್ಲಿ ತೊಳೆದರೆ ಕೂದಲ ಮೇಲೆ ಬಿಳಿ ಪದರ ಕುಂತು ನೀನು ಗೊಂಬೆಯನ್ನೇ ದೂರುತ್ತೀಯ. ಫಿಲ್ಟರ್ ನೀರು ತೆಗೆದುಕೋ, ಒಂದು ಹನಿ ಶಾಂಪು ಸಾಕು. ತುದಿಯಿಂದ ಬಾಚುತ್ತ ಮೇಲಕ್ಕೆ ಬಾ. ಕೂದಲಿಗೆ ರಬ್ಬರ್ ಬ್ಯಾಂಡ್ ಹಾಕಿ ಇಡಬೇಡ, ಅದು ಕರಗಿ ಎಳೆಗೆ ಅಂಟಿ ಕುಂತರೆ ಬಿಡಿಸುವುದು ಯಾರಿಂದಲೂ ಆಗದು. ಕೆಲವು ಗೊಂಬೆಗಳ ತಲೆಯೊಳಗೆ ಕೂದಲು ಹಿಡಿದಿಡಲು ಗೋಂದು ಹೊಯ್ದಿರುತ್ತಾರೆ. ದಿನ ಕಳೆದಂತೆ ಅದು ಬುಡದಿಂದ ಜಿನುಗಿ ಕೂದಲೆಲ್ಲ ಜಿಡ್ಡಾಗುತ್ತದೆ. ಬೇಸಿಗೆಯಲ್ಲಿ ಹೆಚ್ಚು. ಹಾಗಾಗಿ ಒಂದು ಗೊಂಬೆಯ ಬಗ್ಗೆ ತಂದ ದಿನವೇ ಬರೆದು ಕೈ ತೊಳೆದುಕೊಳ್ಳಬೇಡ. ಒಂದು ಕಲಬುರಗಿ ಬೇಸಿಗೆ ದಾಟಿಸಿ, ಮತ್ತೆ ತೆಗೆದು ನೋಡಿ, ಎರಡು ಸಾಲು ಸೇರಿಸು. ನಲವತ್ತೆರಡು ಡಿಗ್ರಿ ಬಿಸಿಲು ಉಂಡ ಗೊಂಬೆಯ ವರದಿ ಬೆಂಗಳೂರಿನವರು ಬರೆಯಲಾರರು.

ಉಡುಪಿನ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ, ಕೇಳಿಸಿಕೋ. ಬಾರ್ಬಿಯಂಥ ಗೊಂಬೆ ಹನ್ನೊಂದೂವರೆ ಇಂಚು, ಅಂದರೆ ಮನುಷ್ಯರ ಆರನೇ ಒಂದು ಪಾಲು. ಬಟ್ಟೆಯೂ ಆರನೇ ಒಂದು ಪಾಲಾಗಬೇಕಲ್ಲ. ಒಂಬತ್ತು ಗಜದ ಇಳಕಲ್ ಸೀರೆ ಒಂದೂವರೆ ಗಜವಾಗುತ್ತದೆ; ನಾಲ್ಕಿಂಚಿನ ಅಂಚು ಮುಕ್ಕಾಲು ಇಂಚಿಗಿಂತ ಚೂರು ಕಡಿಮೆ. ಅಳತೆ ಕಿರಿದು ಮಾಡಬಹುದು, ಆದರೆ ಬಟ್ಟೆಯ ದಪ್ಪ ಕಿರಿದಾಗುವುದಿಲ್ಲ. ಒಂದೂವರೆ ಗಜವನ್ನು ಆ ಸೊಂಟಕ್ಕೆ ಸುತ್ತಿ ನಿರಿಗೆ ಹಿಡಿದು ನೋಡು, ಗೊಂಬೆ ಬಸುರಿಯ ಹಾಗೆ ಕಾಣುತ್ತದೆ. ಅದಕ್ಕಾಗಿಯೇ ಜಾಣ ಟೇಲರ್ ನಿರಿಗೆಯನ್ನು ಮೊದಲೇ ಇಸ್ತ್ರಿ ಮಾಡಿ ಪಟ್ಟಿಗೆ ಹೊಲಿದು, ಒಳಗಿನ ಸುತ್ತು ಕಿತ್ತುಹಾಕಿರುತ್ತಾಳೆ. ಅದು ಮೋಸವಲ್ಲ, ಕಸುಬು. ನೀನು ನೋಡಬೇಕಾದ್ದು ನಿರಿಗೆ ನೇರ ಬೀಳುತ್ತದೆಯೇ, ಸೆರಗು ಭುಜದ ಮೇಲೆ ಮಲಗುತ್ತದೆಯೋ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆಯೋ ಅನ್ನುವುದು.

ಇಳಕಲ್ ಅಂತ ಹೆಸರಿಟ್ಟು ಮಾರಿದರೆ ಸೆರಗನ್ನು ತಿರುಗಿಸಿ ನೋಡಲೇಬೇಕು. ಇಳಕಲ್ಲಿನಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೋಪು ತೆನೆ. ಗೊಂಬೆಗೆ ಅದನ್ನು ನೇಯ್ದು ಕೊಡು ಅಂತ ಯಾರೂ ಕೇಳಲಾರರು, ಹಳೆಯ ಸೀರೆಯ ತುಂಡಾದರೂ ಆದೀತು. ಪಾಲಿಸ್ಟರಿನ ಮೇಲೆ ಅಚ್ಚು ಹೊಡೆದು ‘ಇಳಕಲ್’ ಅಂದರೆ ಹಾಗೆಂದೇ ಬರೆ. ಖಣದ ಕುಪ್ಪಸಕ್ಕೂ ಇದೇ ಮಾತು: ಗುಳೇದಗುಡ್ಡದ ಖಣದ ಹೂವು ದೊಡ್ಡದಿದ್ದರೆ ಗೊಂಬೆಯ ಎದೆಯ ಮೇಲೆ ಒಂದೇ ಹೂವು ಅರ್ಧ ಕತ್ತರಿಸಿ ಕುಂತಿರುತ್ತದೆ. ಸಣ್ಣ ಬುಟ್ಟಾ ಆರಿಸಿದವಳಿಗೆ ಕಣ್ಣಿದೆ ಅಂತ ತಿಳಿ.

ಲಂಬಾಣಿ ಗೊಂಬೆಗಳಲ್ಲಿ ಮೋಸ ಹೆಚ್ಚು. ನಮ್ಮ ಜಿಲ್ಲೆಯ ಯಾವ ತಾಂಡಾಕ್ಕಾದರೂ ಹೋಗಿ ಹಿರಿಯ ಹೆಂಗಸಿನ ಫೇಟಿಯಾ ಲಂಗ, ಕಾಂಚಳಿ ಕುಪ್ಪಸ ನೋಡು. ಕನ್ನಡಿಯ ಸುತ್ತ ದಾರದ ಕಟ್ಟು ಎಷ್ಟು ಬಿಗಿ ಇರುತ್ತದೆ! ಅಂಗಡಿಯ ಗೊಂಬೆಗೆ ಬೆಳ್ಳಿ ಬಣ್ಣದ ಕಾಗದದ ಚುಕ್ಕಿ ಅಂಟಿಸಿರುತ್ತಾರೆ, ಉಗುರಿನಿಂದ ಕೆದಕಿದರೆ ಎದ್ದು ಬರುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅಂಥ ಕೈಗಳ ಹೆಸರು ಹೇಳಿ ಕಾಗದದ ಚುಕ್ಕಿ ಮಾರಿದರೆ ಸುಮ್ಮನಿರಬಾರದು.

ಉಡುಪು ತೆಗೆದು ಒಳಗಿನ ಮೈಯನ್ನೂ ನೋಡು. ಕೆಂಪು, ಕಡುನೀಲಿ, ಕಪ್ಪು ಬಟ್ಟೆಯ ಬಣ್ಣ ವಿನೈಲ್ ಮೈಗೆ ಹತ್ತುತ್ತದೆ. ನಮ್ಮ ಸೆಕೆಗೆ ಇನ್ನೂ ಬೇಗ. ಒದ್ದೆ ಬಿಳಿ ಅರಿವೆಯಿಂದ ಬಟ್ಟೆಯ ಒಳಮಗ್ಗುಲನ್ನು ಒರೆಸು, ಅರಿವೆಗೆ ಬಣ್ಣ ಬಂದರೆ ಮೈಗೂ ಬರುತ್ತದೆ. ಆಗಲೇ ಹತ್ತಿದ ಕಲೆಗೆ ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಮುಲಾಮು ಸವರಿ ಬಿಸಿಲಿಗಿಟ್ಟರೆ ಬಹಳಷ್ಟು ಹೋಗುತ್ತದೆ, ಬಟ್ಟೆಗೆ ಮತ್ತು ಬಣ್ಣ ಬರೆದ ಮುಖಕ್ಕೆ ತಾಗದಂತೆ ನೋಡಿಕೋ. ಉಗುರಿನ ಬಣ್ಣ ತೆಗೆಯುವ ದ್ರವವನ್ನು ಮುಖದ ಹತ್ತಿರ ಒಯ್ಯಲೇಬೇಡ, ಕಣ್ಣು ತುಟಿ ಎಲ್ಲ ಅಳಿಸಿಹೋದೀತು.

ಒಡವೆ, ಚಪ್ಪಲಿ, ಚೀಲಗಳ ಬಗ್ಗೆ ನನಗೆ ಅಷ್ಟು ಆಸ್ಥೆ ಇಲ್ಲ. ಬೇಗ ಕಳೆಯುವ ಸಾಮಾನು. ಎರಡು ಸಂಗತಿ ನೋಡಿದರೆ ಸಾಕು. ಚಪ್ಪಲಿ ಕಾಲಿಗೆ ನಿಲ್ಲುತ್ತದೆಯೇ. ಕಿವಿಯೋಲೆಯ ಕಡ್ಡಿ ಯಾವ ಲೋಹ. ತಾಮ್ರ, ಹಿತ್ತಾಳೆಯದಾದರೆ ವಿನೈಲಿನ ಜೊತೆ ಸೇರಿ ಕಿವಿಯ ಸುತ್ತ ಹಸಿರು ಕಲೆ ಬರುತ್ತದೆ. ಹಳೆಯ ಬಾರ್ಬಿಗಳಿಗೆ ಹತ್ತಿದ ದೊಡ್ಡ ರೋಗವೇ ಇದು. ನಮ್ಮ ಕಡೆಯ ಹೆಣ್ಣು ಅಂತ ಸಿಂಗರಿಸಿದ ಗೊಂಬೆಯಾದರೆ ಮಾತ್ರ ಇನ್ನೊಂದು: ಬೋರಮಾಳ, ಬುಗುಡಿ, ನತ್ತು, ಪಾಟಲಿ, ಡಾಬು ಅವವು ಇರಬೇಕಾದ ಜಾಗದಲ್ಲಿವೆಯೇ? ಬುಗುಡಿಯನ್ನು ಕಿವಿಯ ಕೆಳಗೆ ತೂಗಿಬಿಟ್ಟ ಗೊಂಬೆ ನೋಡಿ ನಿಮ್ಮ ಮುತ್ಯಾ ಇದ್ದಿದ್ದರೆ ನಕ್ಕುಬಿಡುತ್ತಿದ್ದರು.

ಇಡುವ ಜಾಗ ಅಲಮಾರಿಯ ಒಳಗಿರಲಿ. ತಗಡಿನ ಮಾಡಿನ ಕೆಳಗಿನ ಅಟ್ಟವೂ ಬೇಡ, ಪಡುವಣ ಕಿಟಕಿಯೂ ಬೇಡ. ಡಾಂಬರು ಗುಳಿಗೆ ಹಾಕಬೇಡ, ಕೆಲವು ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗುತ್ತದೆ. ಒಣಗಿದ ಬೇವಿನೆಲೆ ಅರಿವೆಯಲ್ಲಿ ಕಟ್ಟಿ ಇಡು.

ಬೆಲೆಯನ್ನು ಮೊದಲ ಸಾಲಿನಲ್ಲೇ ಬರೆ. ಯಾರಾದರೂ ಪುಕ್ಕಟೆ ಕಳಿಸಿದ್ದರೆ ಅದನ್ನೂ ಅಲ್ಲೇ ಬರೆ, ಕೊನೆಗೆ ಸಣ್ಣಕ್ಷರದಲ್ಲಲ್ಲ. ‘ಸೀಮಿತ ಪ್ರತಿ, ಮುಂದೆ ಬೆಲೆ ಏರುತ್ತದೆ’ ಅನ್ನುವ ಮಾತನ್ನು ನಿನ್ನ ಬಾಯಿಂದ ಆಡಬೇಡ. ಮೂರು ಡಾಲರಿನ ಗೊಂಬೆಗೆ ಬೆಲೆ ಏರಿದ್ದು ಅದನ್ನು ಯಾರೂ ಕಾಪಿಡದೆ ಆಡಿ ಹರಿದು ಹಾಕಿದ್ದರಿಂದ; ಈಗ ಎಲ್ಲರೂ ಪೆಟ್ಟಿಗೆ ಸಮೇತ ಕಾಪಿಟ್ಟರೆ ನಾಳೆ ಕೊಳ್ಳುವವರು ಯಾರು?

ಕಡೆಯದು, ಆಳಂದದಲ್ಲಿ ಖಣದ ತುಂಡಿನಿಂದ ಗೊಂಬೆಗೆ ಕುಪ್ಪಸ ಹೊಲಿದು ಮಾರುವಾಕೆಯ ಬಗ್ಗೆ ನೀನು ಬರೆದದ್ದು. ‘ಫಿನಿಶಿಂಗ್ ಇಲ್ಲ’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ಕಂಪನಿಯ ಗೊಂಬೆಯನ್ನೂ ಆಕೆಯ ಕುಪ್ಪಸವನ್ನೂ ಒಂದೇ ಕಣ್ಣಿನಿಂದ ನೋಡು, ಅದು ಸರಿ. ಆದರೆ ಆ ಮಾತು ಓದಿ ಆಕೆ ಏನು ತಿದ್ದಿಕೊಳ್ಳಬೇಕು? ನೀನು ಕಳಿಸಿದ ಕುಪ್ಪಸ ನಾನು ತಿರುವಿ ನೋಡಿದೆ. ಬಗಲಿನಲ್ಲಿ ಬಟ್ಟೆ ಒಂದು ನೂಲಿನಷ್ಟು ಹೆಚ್ಚು ಬಿಟ್ಟಿದ್ದಾಳೆ, ಅದಕ್ಕೇ ತೋಳು ಮೇಲೆತ್ತಿದರೆ ಕುಪ್ಪಸವೂ ಏಳುತ್ತದೆ. ಹುಕ್ಕಿನ ಬದಲು ಒತ್ತುಗುಂಡಿ ಹಾಕಿದರೆ ಬೆನ್ನು ಉಬ್ಬುವುದಿಲ್ಲ. ಇಷ್ಟು ಬರೆ. ಮುಂದಿನ ಸಲ ಆಳಂದಕ್ಕೆ ಹೋದಾಗ ಅಳತೆಗೆ ನಿನ್ನ ಒಂದು ಗೊಂಬೆಯನ್ನೇ ಆಕೆಯ ಹತ್ತಿರ ವಾರ ಬಿಟ್ಟು ಬಾ; ಇಸ್ತ್ರಿ ಪೆಟ್ಟಿಗೆಯಿಂದ ದೂರ ಇಡು ಅಂತ ಮಾತ್ರ ಹೇಳಿ ಬಾ.