ಜೀವನದ ಖಾತೆಯಲ್ಲಿ ಬಿಟ್ಟುಹೋದ ಜಮೆ

ನಾನು ವೈದ್ಯನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಎರಡು ದಶಕಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆದವನು. ಆದರೂ ಈ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಕೃತಜ್ಞತೆಯನ್ನು ಕುರಿತು ನಾಲ್ಕು ಮಾತು ಬರೆಯಲು ಧೈರ್ಯ ಮಾಡಿದ್ದೇನೆ. ಅದಕ್ಕೆ ಕಾರಣವುಂಟು.

2021ರ ಏಪ್ರಿಲ್ ತಿಂಗಳಲ್ಲಿ ನಾನೂ ನನ್ನ ಅಣ್ಣನೂ ಒಂದೇ ವಾರದಲ್ಲಿ ಕೊರೋನಾ ಪೀಡಿತರಾಗಿ ಮುಂಬಯಿಯಲ್ಲಿ ಆಸ್ಪತ್ರೆ ಸೇರಿದೆವು. 16 ದಿನಗಳ ಬಳಿಕ ನಾನು ಮನೆಗೆ ಮರಳಿದೆ, ಅಣ್ಣ ಮರಳಲಿಲ್ಲ. "ನೀನಾದರೂ ಉಳಿದೆಯಲ್ಲ, ದೇವರು ದೊಡ್ಡವನು" ಎಂದು ಹಿರಿಯರು ಸಮಾಧಾನ ಹೇಳಿದಾಗಲೆಲ್ಲ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಅಣ್ಣನಿಲ್ಲದ ಬದುಕಿಗೆ ಕೃತಜ್ಞನಾಗುವುದು ಅವನಿಗೆ ಬಗೆಯುವ ದ್ರೋಹವೆಂದೇ ನಾನು ಭಾವಿಸಿದ್ದೆ.

ಈ ಭಾವನೆಯನ್ನು ತಿದ್ದಿಕೊಳ್ಳಲು ನನ್ನ ವೃತ್ತಿಯೇ ನೆರವಾಯಿತು. ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಮುಖ್ಯವಾದವು ಎರಡು. ಒಂದು, ಇಲ್ಲದುದನ್ನು ಬರೆಯುವುದು. ಇನ್ನೊಂದು, ಇದ್ದುದನ್ನು ಬರೆಯದೆ ಬಿಡುವುದು. ದುಃಖವಿದ್ದರೂ ಇಲ್ಲವೆಂದು ನಟಿಸುವುದು ಸುಳ್ಳು ಲೆಕ್ಕ. ದುಃಖದ ಭರದಲ್ಲಿ ಬಂದ ಉಪಕಾರಗಳನ್ನು ಮರೆಯುವುದು ಅಪೂರ್ಣ ಲೆಕ್ಕ. ನಾನು ಮಾಡುತ್ತಿದ್ದುದು ಎರಡನೆಯದು. ನಡುರಾತ್ರಿ ಆಮ್ಲಜನಕದ ಮುಸುಕು ಸರಿಪಡಿಸಿ ಹಣೆಯ ಮೇಲೆ ಕೈಯಿಟ್ಟ ದಾದಿ, ನನ್ನ ಮನೆಯ ಬಾಗಿಲಲ್ಲಿ ದಿನವೂ ಊಟದ ಡಬ್ಬಿ ಇಟ್ಟುಹೋದ ನೆರೆಮನೆಯವರು, ಇವರು ಯಾರೂ ನನ್ನ ಖಾತೆಯಲ್ಲಿ ಜಮೆಯಾಗಿರಲಿಲ್ಲ.

ದೇಹದ ವಿಷಯವೂ ಹೀಗೆಯೇ. ಮೊಣಕಾಲು ನೊಂದರೆ ದಿನವಿಡೀ ಅದರದೇ ಚಿಂತೆ. ಆದರೆ ನಿಮಿಷಕ್ಕೆ ಸುಮಾರು 70 ಬಾರಿ ಮಿಡಿಯುವ ಹೃದಯವು ದಿನವೊಂದಕ್ಕೆ ಲಕ್ಷ ಬಾರಿ ಮಿಡಿಯುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರ್ ಮಾತ್ರ ಹೊರಗೆ ಕಳುಹಿಸಿ, ಉಳಿದುದನ್ನು ರಕ್ತಕ್ಕೆ ಹಿಂದಿರುಗಿಸುತ್ತವೆ. ಲೋಕಲ್ ರೈಲು ಹತ್ತು ನಿಮಿಷ ತಡವಾದರೆ ದೂರುವ ನಾವು ಈ ಸೇವೆಯನ್ನು ನೆನೆಯುವುದೇ ಇಲ್ಲ.

ಇದು ಬರಿಯ ಭಾವುಕತೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲೋ ಎಂಬವರು ಈ ಕುರಿತು ನಡೆಸಿದ ಪ್ರಯೋಗಗಳನ್ನು 2003ರಲ್ಲಿ ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ ಕೆಲವರು 10 ವಾರಗಳ ಕಾಲ, ವಾರಕ್ಕೊಮ್ಮೆ, ಕೃತಜ್ಞತೆಗೆ ಅರ್ಹವಾದ ಐದು ಸಂಗತಿಗಳವರೆಗೆ ಬರೆದರು. ಮತ್ತೆ ಕೆಲವರು ಕಿರಿಕಿರಿಗಳನ್ನು ಬರೆದರು. ಮೊದಲಿನವರಿಗೆ ತಮ್ಮ ಜೀವನದ ಬಗ್ಗೆ ಹೆಚ್ಚು ತೃಪ್ತಿಯಿತ್ತು. ದೇಹಬಾಧೆಯ ದೂರುಗಳೂ ಕಡಿಮೆ. ನರ-ಸ್ನಾಯು ರೋಗಿಗಳು 21 ದಿನ ಹೀಗೆ ಬರೆದಾಗ ಅವರ ಮನಸ್ಸು ಹಗುರಾಯಿತು, ನಿದ್ರೆ ಸುಧಾರಿಸಿತು. ರೋಗ ಗುಣವಾಯಿತೆಂದು ಯಾರೂ ಹೇಳಿಲ್ಲ. ರೋಗದೊಡನೆ ಬಾಳುವುದು ತುಸು ಸುಲಭವಾಯಿತು.

ನಾನು ಅನುಸರಿಸುತ್ತಿರುವ ಕ್ರಮ ಸರಳವಾದುದು:

1. ರಾತ್ರಿ ಊಟದ ನಂತರ ಒಂದು ಪುಸ್ತಕದಲ್ಲಿ ಎರಡು ಅಂಕಣ ಎಳೆಯಬೇಕು. ಮೊದಲು ದಿನದ ಕಷ್ಟಗಳನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು.

2. ಬಳಿಕ ಮೂರು ಜಮೆಗಳು. "ಎಲ್ಲವೂ ಚೆನ್ನಾಗಿದೆ" ಎಂಬಂಥ ಮೋಘಮ್ ಮಾತು ಬೇಡ. ಯಾರು, ಯಾವಾಗ, ಏನು ಮಾಡಿದರೆಂಬುದು ಸ್ಪಷ್ಟವಾಗಿರಲಿ. ಏನೂ ತೋಚದ ದಿನ "ಇಂದು ಉಸಿರಾಟ ಸರಾಗವಾಗಿತ್ತು" ಎಂದು ಬರೆದರೂ ಸಾಕು.

3. ವಾರಕ್ಕೊಮ್ಮೆಯಾದರೂ ಆ ಪುಟದಲ್ಲಿರುವ ಒಬ್ಬರಿಗೆ ಧನ್ಯವಾದವನ್ನು ಬಾಯಿಬಿಟ್ಟು ಹೇಳಬೇಕು.

4. ಜಮೆಯಿಂದ ಖರ್ಚನ್ನು ಕಳೆಯಕೂಡದು. ಒಂದು ಉಪಕಾರವು ಇನ್ನೊಂದು ನಷ್ಟವನ್ನು ತೀರಿಸದು. ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಇರಲಿ.

ಒಂದು ಎಚ್ಚರಿಕೆಯ ಮಾತು. ಕೃತಜ್ಞತೆ ತಾನಾಗಿ ಕೈಗೊಳ್ಳುವ ಸಾಧನೆ; ನೊಂದವರಿಗೆ ಮಾಡುವ ಉಪದೇಶವಲ್ಲ. ಸಾವಿನ ಮನೆಗೆ ಹೋದವರು ಮೌನವಾಗಿ ಕೂಡುವುದೇ ಲೇಸು. ಎರಡು ವಾರ ಮೀರಿಯೂ ನಿದ್ರೆ, ಆಹಾರ, ಕೆಲಸ ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ, ಪುಸ್ತಕ ಬರೆಯುತ್ತ ಕೂಡದೆ ತಡಮಾಡದೆ ವೈದ್ಯರನ್ನು ಕಾಣಬೇಕು. ಭಾರತ ಸರಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ನನ್ನ ಪುಸ್ತಕದಲ್ಲಿ ಅಣ್ಣನ ಹೆಸರಿನದೇ ಒಂದು ಪುಟವಿದೆ. ಅಲ್ಲಿನ ನಷ್ಟ ಹಾಗೆಯೇ ಉಳಿದಿದೆ, ಉಳಿಯುತ್ತದೆ. ಆದರೆ ಊರಿನಿಂದ ನನ್ನನ್ನು ಕರೆತಂದವನು, ಕ್ಯಾಂಟೀನಿನಲ್ಲಿ ದುಡಿದು ನನ್ನ ಕಾಲೇಜಿನ ಶುಲ್ಕ ತೆತ್ತವನು ಅವನೇ ಎಂಬುದೂ ಅದೇ ಪುಟದಲ್ಲಿದೆ. ನಾನು ಬದುಕಿರುವುದಕ್ಕೆ ಕೃತಜ್ಞನಾಗಿರುವುದು ಅವನಿಗೆ ದ್ರೋಹವಲ್ಲ, ಅವನು ಕೊಟ್ಟುದಕ್ಕೆ ರಸೀದಿ. ವಾಚಕರು ಇಂದು ರಾತ್ರಿಯೇ ಇಂಥದೊಂದು ಪುಸ್ತಕ ತೆರೆದರೆ ಈ ಬರಹ ಸಾರ್ಥಕವೆಂದು ತಿಳಿಯುತ್ತೇನೆ.