ಕುಸುಮ ರೋಗದ ಮಗು ಮತ್ತು ತಾಯಿಯ ಮನಸ್ಸು

ಖತ್ನಾ ಆದ ಮಗುವಿನ ರಕ್ತ ನಿಲ್ಲದೆ ಹೋದಾಗ, ಹಲ್ಲು ಬಿದ್ದ ಜಾಗ ದಿನಗಟ್ಟಲೆ ಸೋರಿದಾಗ, ಆಡಿ ಬಂದ ಹುಡುಗನ ಮೊಣಕಾಲು ಬೆಳಗಾಗುವಷ್ಟರಲ್ಲಿ ಊದಿಕೊಂಡಾಗ ಎಷ್ಟೋ ಮನೆಗಳು ಹಿಮೋಫಿಲಿಯಾ ಎಂಬ ಹೆಸರನ್ನು ಮೊದಲ ಬಾರಿಗೆ ಕೇಳುತ್ತವೆ. ಕನ್ನಡದಲ್ಲಿ ಇದಕ್ಕೆ ಕುಸುಮ ರೋಗ ಎನ್ನುತ್ತಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಆ ಮಗುವಿನ ಶರೀರದಲ್ಲಿ ಹುಟ್ಟಿನಿಂದಲೇ ಕಡಿಮೆ. ಅದನ್ನು ಸೂಜಿಯ ಮೂಲಕ ತುಂಬಬಹುದು. ಆದರೆ ಅದೇ ದಿನ ತಾಯಿಯ ಮನಸ್ಸಿಗಾಗುವ ಗಾಯವನ್ನು ವಿಚಾರಿಸುವವರು ವಿರಳ.

ತಪ್ಪು ಯಾರದು?

"ಇದು ನಿನ್ನ ತವರಿನಿಂದ ಬಂದ ರೋಗ" ಎಂಬ ಮಾತು ಸೊಸೆಯಂದಿರಿಗೆ ಹೊಸದಲ್ಲ. ವಾಸ್ತವವೇನು? ರೋಗದ ವಾಹಕಳಾದ ತಾಯಿಯ ಪ್ರತಿ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧ, ಬಾರದಿರುವ ಸಂಭವವೂ ಅರ್ಧ. ರೋಗವಿರುವ ತಂದೆಯಿಂದ ಅವನ ಎಲ್ಲ ಹೆಣ್ಣುಮಕ್ಕಳೂ ವಾಹಕರಾಗುತ್ತಾರೆ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಕುಟುಂಬದ ಹಿಂದಿನವರಲ್ಲಿ ರೋಗದ ಸುಳಿವೇ ಇರುವುದಿಲ್ಲ. ಯಾವ ತಾಯಿಯೂ ಇದನ್ನು ಆರಿಸಿಕೊಂಡು ಕೊಟ್ಟಿಲ್ಲ.

ಅಂದಲೂಸಿನ ವೈದ್ಯ ಅಝ್ಝಹ್ರಾವಿ ಸಾವಿರ ವರ್ಷಗಳ ಹಿಂದೆಯೇ, ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದ ಗಂಡಸರ ಬಗ್ಗೆ ಬರೆದಿದ್ದಾರೆ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿಬಿದ್ದು ಇದೇ ರೋಗದಿಂದ ತೀರಿಕೊಂಡ. ಅರಮನೆಗೂ ಗುಡಿಸಲಿಗೂ ಇಲ್ಲಿ ಭೇದವಿಲ್ಲ.

ಒಬ್ಬನ ಪಾಪದ ಹೊರೆಯನ್ನು ಮತ್ತೊಬ್ಬನು ಹೊರುವುದಿಲ್ಲವೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಹಾಗಿರುವಾಗ, ಪಾಪವೇ ಅಲ್ಲದ್ದನ್ನು ಸೊಸೆಯ ತಲೆಗೆ ಕಟ್ಟುವುದು, ತಲಾಕ್‌ನ ಬೆದರಿಕೆ ಹಾಕುವುದು ಯಾವ ನ್ಯಾಯ?

ತಾಯಿಗೂ ಆಸರೆ ಬೇಕು

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಮಗುವನ್ನು ಕ್ಷಣವೂ ಬಿಟ್ಟಿರಲಾಗದಿರುವುದು, ಕಾರಣವಿಲ್ಲದೆ ಅಳು ಬರುವುದು ವಾರಗಟ್ಟಲೆ ಮುಂದುವರಿದರೆ ಅದನ್ನು ಈಮಾನಿನ ಕೊರತೆ ಎನ್ನಬಾರದು. ದಣಿದ ಮನಸ್ಸಿಗೂ ವೈದ್ಯರಿದ್ದಾರೆ. ಮಗನ ಅಗಲಿಕೆಯಲ್ಲಿ ಅತ್ತು ಕಣ್ಣು ಕಳೆದುಕೊಂಡ ಪ್ರವಾದಿ ಯಾಕೂಬ್(ಅ)ರ ಸಹನೆಗೆ ಕುಂದು ಬಂತೇ? ಆಸ್ಪತ್ರೆಗೆ ತಂದೆಯೂ ಜೊತೆಗೆ ಹೋಗಲಿ. ಸೂಜಿ ಹಾಕಿಸುವ ದಿನ ಅತ್ತೆ, ನಾದಿನಿಯರು ಮನೆಗೆಲಸ ವಹಿಸಿಕೊಳ್ಳಲಿ. ತಾಯಿಗೆ ಇದೇ ಮೊದಲ ಔಷಧ.

ಮಗುವನ್ನು ಗಾಜಿನಂತೆ ಇಡಬೇಡಿ

ನಮ್ಮ ಶ್ರೀರಾಮನಗರದಂಥ ಊರಿನಲ್ಲಿ ಮಕ್ಕಳು ಗದ್ದೆಯ ಬದುವಿನ ಮೇಲೆ, ಕಾಲುವೆಯ ಏರಿಯ ಮೇಲೆ ಓಡಿಯೇ ಬೆಳೆಯುತ್ತಾರೆ. ಒಬ್ಬನನ್ನು ಮಾತ್ರ ಕಿಟಕಿಯ ಬಳಿ ಕೂರಿಸಿದರೆ ಅವನು ತನ್ನನ್ನು ಮನೆಗೆ ಭಾರವೆಂದು ತಿಳಿಯುತ್ತಾನೆ. ಹೊಡೆದಾಟದ ಆಟ ಬೇಡ. ನಡಿಗೆ, ವೈದ್ಯರು ಹೇಳಿದ ವ್ಯಾಯಾಮ ಬೇಕು. ರೋಗದ ಹೆಸರನ್ನು ವಯಸ್ಸಿಗೆ ತಕ್ಕಂತೆ ಅವನಿಗೇ ತಿಳಿಸಿ. ಶಾಲೆಯ ಮೇಷ್ಟ್ರಿಗೂ ಮದರಸದ ಉಸ್ತಾದರಿಗೂ ಹೇಳಿ. ಅವನ ಮೇಲೆ ಬೆತ್ತ ಎತ್ತದಂತೆ ಎಚ್ಚರಿಸಿ. ನೋವು ಎಂದಾಗ ನೆಪವೆಂದು ಗದರಬೇಡಿ. ಕೀಲಿನೊಳಗೆ ರಕ್ತ ಸೋರುವುದು ಮೊದಲು ತಿಳಿಯುವುದು ಅವನಿಗೇ.

ಕೆಲವು ಎಚ್ಚರಿಕೆಗಳು

ತಾಯಿಯ ಅಣ್ಣತಮ್ಮಂದಿರಲ್ಲಿ ಇಂಥ ರಕ್ತಸ್ರಾವ ಕಂಡಿದ್ದರೆ, ಖತ್ನಾಕ್ಕೆ ಮೊದಲು ಮಗುವಿನ ರಕ್ತಪರೀಕ್ಷೆ ಮಾಡಿಸಿ. ಹಾನಿಯ ಭಯವಿದ್ದಲ್ಲಿ ಖತ್ನಾ ಮುಂದೂಡಲು ಶರೀಅತ್‌ನಲ್ಲಿ ಅವಕಾಶವಿದೆ. ಆಮೇಲೆ ಅದು ಆಸ್ಪತ್ರೆಯಲ್ಲೇ, ಕೊರತೆಯ ಅಂಶವನ್ನು ಕೊಟ್ಟು ನಡೆಯಲಿ. ಆಸ್ಪಿರಿನ್ ಮಾತ್ರೆ ಕೊಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ರೋಗವೂ ಸೇರಿದೆ. ಪ್ರಮಾಣಪತ್ರಕ್ಕಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿಯವರಿಗೆ ಇದೇ ರೋಗವಿದೆ. ಈ ರೋಗದೊಂದಿಗೇ ಓದಿ ವೈದ್ಯರಾದವರಿದ್ದಾರೆಂಬ ಮಾತನ್ನು ನಿಮ್ಮ ಮಗನಿಗೆ ಹೇಳಿ.

ರೋಗವನ್ನು ಕೊಟ್ಟವನು ಅಲ್ಲಾಹನು. ಅದು ಅವನ ಪರೀಕ್ಷೆ. ಆ ಪರೀಕ್ಷೆ ತಾಯಿ ಮಗುವಿಗೆ ಮಾತ್ರವಲ್ಲ, ಅವರ ಸುತ್ತಲಿರುವ ನಮಗೂ ಹೌದು.